ಮಾಲೀಕನ ಮೆರವಣಿಗೆ, ಆಟಗಾರನ ಬೆವರು

ಬೇಸಿಗೆ ರಜೆ ಬಂತೆಂದರೆ ಸಿಂದಗಿಯ ಶಾಲಾ ಬಯಲುಗಳಲ್ಲಿ, ತೊಗರಿ ಕೊಯ್ದು ಬರಿದಾದ ಹೊಲಗಳಲ್ಲಿ ಮೂರು ಕೋಲು ನೆಟ್ಟು ಹುಡುಗರು ಆಟಕ್ಕೆ ನಿಲ್ಲುತ್ತಾರೆ. ಅವರಲ್ಲಿ ಒಬ್ಬನಾದರೂ ಕೆಂಪು-ಕಪ್ಪು ಅಂಗಿ ತೊಟ್ಟಿರುತ್ತಾನೆ. ಬೆನ್ನ ಮೇಲೆ 18 ಎಂಬ ಅಂಕಿ. 'ಈ ಸಲ ಕಪ್ ನಮ್ದೇ' ಎಂಬ ಮಾತು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಚಹಾದಂಗಡಿಗಳಲ್ಲೂ ವರ್ಷ ವರ್ಷ ಕೇಳಿಬಂತು. ಬೆಂಗಳೂರು ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ. ಆ ತಂಡದ ಆಟವನ್ನು ಮೈದಾನದಲ್ಲಿ ಕುಳಿತು ನೋಡಿದವರು ಈ ಕಡೆ ಎಷ್ಟು ಮಂದಿ ಇದ್ದಾರು? ಆದರೂ ಅದು 'ನಮ್ಮ' ತಂಡ.

ನಮ್ಮದು ಎನ್ನುವ ಈ ತಂಡ ನಿಜಕ್ಕೂ ಯಾರದು? ದುಡ್ಡು ಹಾಕಿದವನದೋ, ಬೆವರು ಸುರಿಸಿದವನದೋ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವನದೋ? ರಾಯಲ್ ಚಾಲೆಂಜರ್ಸ್ ತಂಡದ ಕಥೆಯನ್ನು ಮೊದಲಿನಿಂದ ನೋಡಿದರೆ ಈ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ಮಕ್ಕಳನ್ನು ಕ್ರಿಕೆಟ್ ತರಬೇತಿಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುವ ತಂದೆ-ತಾಯಂದಿರಿಗೂ ಅದರಲ್ಲಿ ತಿಳಿಯುವ ಸಂಗತಿ ಇದೆ.

ಮೋಜಿನ ದೊರೆ

ವಿಜಯ್ ಮಲ್ಯ ಹುಟ್ಟಿದ್ದು 1955ರ ಡಿಸೆಂಬರ್ 18ರಂದು. ತಂದೆ ವಿಠಲ ಮಲ್ಯ ಮದ್ಯದ ಉದ್ಯಮವನ್ನು ಕಟ್ಟಿ ಬೆಳೆಸಿದವರು. ಆಡಂಬರವಿಲ್ಲದೆ, ಲೆಕ್ಕಾಚಾರದಿಂದ ನಡೆದವರೆಂದು ಹೆಸರಾದವರು. 1983ರಲ್ಲಿ ಅವರು ತೀರಿಕೊಂಡಾಗ ಮಗನಿಗೆ ಇನ್ನೂ 28 ತುಂಬಿರಲಿಲ್ಲ. ಯುನೈಟೆಡ್ ಬ್ರೂವರೀಸ್ ಸಮೂಹದ ಗಾದಿ ಅವರಿಗೆ ಬಂತು. ಅಪ್ಪ ಎಲೆಮರೆಯ ಕಾಯಿಯಂತಿದ್ದರೆ ಮಗ ಜಾತ್ರೆಯ ತೇರಿನಂತೆ ಮೆರೆದರು. ಟಿಪ್ಪು ಸುಲ್ತಾನನ ಖಡ್ಗವನ್ನು ಲಂಡನ್ನಿನ ಹರಾಜಿನಲ್ಲಿ ಕೊಂಡರು. 2009ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಗಡಿಯಾರ ಹರಾಜಿಗೆ ಬಂದಾಗ 18 ಲಕ್ಷ ಡಾಲರು ಕೊಟ್ಟು ಅವನ್ನೂ ಕೊಂಡರು. ಫಾರ್ಮುಲಾ ಒನ್ ಕಾರ್ ಪಂದ್ಯಕ್ಕೆ 'ಫೋರ್ಸ್ ಇಂಡಿಯಾ' ಎಂಬ ತಂಡ ಇಳಿಸಿದರು. ಕರ್ನಾಟಕದಿಂದ ಎರಡು ಸಲ ರಾಜ್ಯಸಭೆಗೂ ಹೋದರು. ಬಿಯರ್ ಜಾಹೀರಾತಿನ ಮಾತನ್ನೇ ತಿರುಗಿಸಿ ಜನ ಅವರನ್ನು 'ಮೋಜಿನ ದೊರೆ' ಎಂದು ಕರೆದರು.

2008ರ ಜನವರಿಯಲ್ಲಿ ಐಪಿಎಲ್ ತಂಡಗಳು ಹರಾಜಾದವು. ಬೆಂಗಳೂರು ತಂಡಕ್ಕೆ ಮಲ್ಯ ಕೂಗಿದ ಬೆಲೆ 11 ಕೋಟಿ 16 ಲಕ್ಷ ಡಾಲರು. ಅದಕ್ಕಿಂತ ಹೆಚ್ಚಿಗೆ ಹೋದದ್ದು ಮುಂಬೈ ತಂಡವೊಂದೇ, ಅದೂ 3 ಲಕ್ಷ ಡಾಲರಿನ ಅಂತರದಲ್ಲಿ. ತಂಡಕ್ಕೆ ಇಟ್ಟ ಹೆಸರೂ ಅವರ ಕಂಪನಿಯ ವಿಸ್ಕಿಯದ್ದೇ. ಕುಣಿದು ಹುರಿದುಂಬಿಸಲು ಅಮೆರಿಕದಿಂದ ಹುಡುಗಿಯರ ತಂಡ ಬಂತು. ರಾಹುಲ್ ದ್ರಾವಿಡ್ ನಾಯಕ. ಅನಿಲ್ ಕುಂಬ್ಳೆ, ಜಾಕ್ ಕಾಲಿಸ್, ಡೇಲ್ ಸ್ಟೇನ್ ಜೊತೆಗಿದ್ದರು.

2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಎದುರಾಳಿ ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ 158 ರನ್ ಹೊಡೆದು ಔಟಾಗದೆ ಉಳಿದರು. ಬೆಂಗಳೂರು ತಂಡದ ಹನ್ನೊಂದು ಮಂದಿ ಸೇರಿ ಗಳಿಸಿದ್ದು 82. ಆ ವರ್ಷ 14 ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕು. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಮುಖ್ಯ ಕಾರ್ಯನಿರ್ವಾಹಕ ಚಾರು ಶರ್ಮಾ ನಡುವೆಯೇ ಹೊರಬಿದ್ದರು. ಆಟಗಾರರ ಆಯ್ಕೆಯನ್ನು ದ್ರಾವಿಡ್ ಅವರಿಗೆ ಬಿಟ್ಟದ್ದು ತಪ್ಪಾಯಿತೆಂಬ ಅರ್ಥದ ಮಾತುಗಳನ್ನು ಮಾಲೀಕರು ಬಹಿರಂಗವಾಗಿಯೇ ಆಡಿದರು.

ಹನ್ನೆರಡು ಲಕ್ಷದ ಹುಡುಗ

ಅದೇ ಸೋಲಿನ ವರ್ಷದಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಕೆಲಸ ನಡೆದಿತ್ತು. ಮಲೇಷ್ಯಾದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದುಬಂದ ಹುಡುಗರನ್ನು ತಂಡಗಳು ಹಂಚಿಕೊಳ್ಳಬೇಕಿತ್ತು. ಹುಡುಗರ ನಾಯಕ ದೆಹಲಿಯವನು. ದೆಹಲಿ ತಂಡ ಅವನನ್ನು ಬಿಟ್ಟು ಇನ್ನೊಬ್ಬನನ್ನು ಆರಿಸಿಕೊಂಡಿತು. ಬೆಂಗಳೂರು ಅವನನ್ನು ಕರೆದುಕೊಂಡಿತು. ಕೊಟ್ಟದ್ದು 30 ಸಾವಿರ ಡಾಲರು, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 12 ಲಕ್ಷ ರೂಪಾಯಿ. ಆ ಹುಡುಗನೇ ವಿರಾಟ್ ಕೊಹ್ಲಿ.

ಮರುವರ್ಷ ಕೆವಿನ್ ಪೀಟರ್ಸನ್ ಅವರಿಗೆ ಇದೇ ತಂಡ 15 ಲಕ್ಷ 50 ಸಾವಿರ ಡಾಲರು ಸುರಿದು ನಾಯಕತ್ವ ಕೊಟ್ಟಿತು. ಕೆಲವು ಪಂದ್ಯ ಆಡಿ ಅವರು ತಮ್ಮ ದೇಶದ ತಂಡ ಸೇರಲು ಹೊರಟರು. ನಾಯಕತ್ವ ಕುಂಬ್ಳೆ ಅವರಿಗೆ ಬಂತು. ಲೋಕಸಭಾ ಚುನಾವಣೆಯ ಕಾರಣ ಆ ವರ್ಷದ ಪಂದ್ಯಾವಳಿ ದಕ್ಷಿಣ ಆಫ್ರಿಕಾದಲ್ಲಿ ನಡೆದಿತ್ತು. ಹಿಂದಿನ ವರ್ಷ ಏಳನೆಯ ಸ್ಥಾನದಲ್ಲಿದ್ದ ತಂಡವನ್ನು 38 ವರ್ಷದ ಕುಂಬ್ಳೆ ಫೈನಲ್‌ವರೆಗೆ ಒಯ್ದರು. ಮೇ 24ರಂದು ಜೋಹಾನ್ಸ್‌ಬರ್ಗಿನಲ್ಲಿ 16 ರನ್ನಿಗೆ 4 ವಿಕೆಟ್ ಪಡೆದರು. ಆದರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಕಪ್ಪು ಕೈತಪ್ಪಿತು. 2011ರಲ್ಲಿ ಕ್ರಿಸ್ ಗೇಲ್ ಬಂದು ಅಬ್ಬರಿಸಿದರು. ಫೈನಲ್‌ನಲ್ಲಿ ಚೆನ್ನೈ ಎದುರು ಮತ್ತೆ ಸೋಲು. 2014ರಲ್ಲಿ ಯುವರಾಜ್ ಸಿಂಗ್ ಅವರಿಗೆ 14 ಕೋಟಿ ರೂಪಾಯಿ. ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು.

ಇಲ್ಲಿ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಲೆಕ್ಕವಿದೆ. ಐಪಿಎಲ್‌ನಲ್ಲಿ ಎಷ್ಟೇ ಶ್ರೀಮಂತ ಮಾಲೀಕನಾದರೂ ಆಟಗಾರರಿಗೆ ಮನಬಂದಷ್ಟು ಖರ್ಚು ಮಾಡುವಂತಿಲ್ಲ. ಎಲ್ಲ ತಂಡಗಳಿಗೂ ಒಂದೇ ಮಿತಿ. 2014ರಲ್ಲಿ ಆ ಮಿತಿ 60 ಕೋಟಿ ಇತ್ತು. ಅದರಲ್ಲಿ ಒಬ್ಬನಿಗೇ 14 ಕೋಟಿ ಹೋದರೆ ಉಳಿದವರನ್ನೆಲ್ಲ 46 ಕೋಟಿಯಲ್ಲೇ ಹೊಂದಿಸಬೇಕು. ಸಂತೆಗೆ ಹೋದ ಗೃಹಿಣಿ ಇದ್ದ ದುಡ್ಡಿನಲ್ಲಿ ಕಾಲುಭಾಗವನ್ನು ಒಂದೇ ಹಣ್ಣಿಗೆ ಕೊಟ್ಟು ಬಂದಂತೆ. ಹಣ್ಣು ಚೆನ್ನಾಗಿಯೇ ಇರಬಹುದು, ಆದರೆ ವಾರವಿಡೀ ಒಲೆ ಉರಿಯಬೇಕಲ್ಲ! ಹೀಗಾಗಿ ಈ ಆಟದಲ್ಲಿ ದುಡ್ಡಿಗಿಂತ ಆರಿಸುವ ಕಣ್ಣು ದೊಡ್ಡದು. ಬೌಲಿಂಗ್ ಸೊರಗಿದ್ದರೂ ಬ್ಯಾಟಿಂಗ್ ಹೆಸರುಗಳ ಹಿಂದೆಯೇ ಓಡಿದ್ದು ಬೆಂಗಳೂರು ತಂಡವನ್ನು ಬಹುಕಾಲ ಕಾಡಿದ ದೋಷ.

ಸಾಗರದಾಚೆಯ ಇನ್ನೊಬ್ಬ ಮಾಲೀಕ

ಇಂಥ ಮಾಲೀಕರು ಇಲ್ಲಿ ಮಾತ್ರ ಇದ್ದಾರೆಂದಲ್ಲ. ನಮಗೆ ಕ್ರಿಕೆಟ್ ಹೇಗೋ ಅಮೆರಿಕದವರಿಗೆ ಬೇಸ್‌ಬಾಲ್ ಹಾಗೆ. ಅಲ್ಲಿ ಚಾರ್ಲ್ಸ್ ಫಿನ್ಲಿ ಎಂಬ ವಿಮಾ ವ್ಯಾಪಾರಿಯೊಬ್ಬ 1960ರಲ್ಲಿ ಕಾನ್ಸಾಸ್ ಸಿಟಿಯ ಅಥ್ಲೆಟಿಕ್ಸ್ ತಂಡವನ್ನು ಕೊಂಡು, 1968ರಲ್ಲಿ ಅದನ್ನು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಊರಿಗೆ ಎತ್ತಿಕೊಂಡು ಹೋದ. ಆಟಗಾರರಿಗೆ ಹಸಿರು-ಹೊಂಬಣ್ಣದ ಉಡುಗೆ ತೊಡಿಸಿದ. ಒಂದು ಹೇಸರಗತ್ತೆಗೆ ತನ್ನದೇ ಹೆಸರಿಟ್ಟು ಮೈದಾನದಲ್ಲಿ ಮೆರೆಸಿದ. 1972ರಲ್ಲಿ ಮೀಸೆ ಬೆಳೆಸಿದ ಆಟಗಾರರಿಗೆ ತಲಾ 300 ಡಾಲರು ಬಹುಮಾನ ಕೊಟ್ಟ.

ಮಲ್ಯ ಅವರಿಗೆ ಸಿಗದ ಭಾಗ್ಯ ಫಿನ್ಲಿಗೆ ಸಿಕ್ಕಿತು. ಅವನ ತಂಡ 1972, 1973, 1974ರಲ್ಲಿ ಸಾಲಾಗಿ ಮೂರು ಸಲ ದೇಶದ ಚಾಂಪಿಯನ್ ಆಯಿತು. ಆದರೆ ಆ ವೈಭವದ ಒಳಗೇ ಬಿರುಕಿತ್ತು. 1973ರ ಅಂತಿಮ ಸರಣಿಯ ಒಂದು ಪಂದ್ಯದಲ್ಲಿ ಮೈಕ್ ಆಂಡ್ರ್ಯೂಸ್ ಎಂಬ ಆಟಗಾರ ಎರಡು ತಪ್ಪು ಮಾಡಿದ. ಅವನಿಗೆ ಗಾಯವಾಗಿದೆಯೆಂದು ಬರೆಸಿಕೊಂಡು ಫಿನ್ಲಿ ಅವನನ್ನು ತಂಡದಿಂದ ಹೊರಗೆ ಕಳಿಸಿದ. ಸಂಗಡಿಗರು ಸಿಟ್ಟಾಗಿ ಆ ಆಟಗಾರನ ಸಂಖ್ಯೆಯನ್ನು ತಮ್ಮ ಅಂಗಿಗಳಿಗೆ ಅಂಟಿಸಿಕೊಂಡರು. ಬೇಸ್‌ಬಾಲ್ ಆಡಳಿತದ ಕಮಿಷನರ್ ಮಧ್ಯೆ ಬಂದು ಆಂಡ್ರ್ಯೂಸ್‌ನನ್ನು ಮರಳಿ ಸೇರಿಸಿ, ಮಾಲೀಕನಿಗೆ ದಂಡ ಹಾಕಬೇಕಾಯಿತು. ಮರುವರ್ಷ ಕ್ಯಾಟ್‌ಫಿಶ್ ಹಂಟರ್ ಎಂಬ ದೊಡ್ಡ ಆಟಗಾರನಿಗೆ ಒಪ್ಪಂದದಂತೆ ಕಟ್ಟಬೇಕಿದ್ದ 50 ಸಾವಿರ ಡಾಲರನ್ನು ಫಿನ್ಲಿ ಕಟ್ಟಲಿಲ್ಲ. ಮಧ್ಯಸ್ಥಗಾರರು ಆ ಒಪ್ಪಂದವೇ ಮುರಿದುಬಿತ್ತೆಂದು ತೀರ್ಪು ಕೊಟ್ಟರು. ಹಂಟರ್ ಬೇರೆ ತಂಡಕ್ಕೆ ಹೋದ. ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಹೊರಟರು. 1979ರಲ್ಲಿ ಆ ತಂಡ 108 ಪಂದ್ಯ ಸೋತಿತು. ಆ ವರ್ಷದ ಏಪ್ರಿಲ್‌ನ ಒಂದು ರಾತ್ರಿ ಆಟ ನೋಡಲು ಬಂದವರು 653 ಮಂದಿ ಮಾತ್ರ. 1980ರಲ್ಲಿ ಫಿನ್ಲಿ ತಂಡವನ್ನು ಮಾರಿದ.

ಒಬ್ಬ ಬಿಗಿಮುಷ್ಟಿಯವನು, ಇನ್ನೊಬ್ಬರು ಬಿಚ್ಚುಗೈಯವರು. ಒಬ್ಬ ಗೆದ್ದ, ಇನ್ನೊಬ್ಬರು ಗೆಲ್ಲಲಿಲ್ಲ. ಆದರೂ ಇಬ್ಬರಲ್ಲಿ ಒಂದು ಸಾಮ್ಯವಿದೆ. ತಂಡವೆಂದರೆ ತಾವು ಮೆರೆಯುವ ವೇದಿಕೆ ಎಂದು ಇಬ್ಬರೂ ತಿಳಿದಿದ್ದರು.

ಲೆಕ್ಕದ ಪುಸ್ತಕ ತೆರೆದಾಗ

ಮಲ್ಯ ಅವರ ಮೆರವಣಿಗೆ ನಿಂತದ್ದು ಕ್ರಿಕೆಟ್ಟಿನಿಂದಲ್ಲ, ವಿಮಾನದಿಂದ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಶುರುಮಾಡಿತು. ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ ಸಾಮಾನ್ಯರನ್ನೂ ವಿಮಾನ ಹತ್ತಿಸಿದ ಸಂಸ್ಥೆ; ಅದನ್ನೂ ಕಿಂಗ್‌ಫಿಷರ್ ತನ್ನೊಳಗೆ ಸೇರಿಸಿಕೊಂಡಿತು. ಆಸನ, ಊಟ, ಉಪಚಾರ ಎಲ್ಲವೂ ಭರ್ಜರಿ. ಆದರೆ ಆ ಸಂಸ್ಥೆ ಒಂದು ವರ್ಷವೂ ಲಾಭ ಕಾಣಲಿಲ್ಲ. 2012ರಲ್ಲಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಾಗಲಿಲ್ಲ. ಅಕ್ಟೋಬರಿನಲ್ಲಿ ಪರವಾನಗಿ ಅಮಾನತಾಗಿ ವಿಮಾನಗಳು ನೆಲ ಕಚ್ಚಿದವು. ಹಿಂದಿನ ಆರು ತಿಂಗಳಲ್ಲಿ ಐಪಿಎಲ್ ಸಂಭ್ರಮವೂ ನಡೆದಿತ್ತು ಎಂಬುದನ್ನು ನೆನೆದರೆ, ಸಂಬಳವಿಲ್ಲದ ಮನೆಗಳಲ್ಲಿ ಟಿ.ವಿ. ಮುಂದೆ ಕುಳಿತವರಿಗೆ ಏನನ್ನಿಸಿರಬಹುದು?

ಸ್ಟೇಟ್ ಬ್ಯಾಂಕ್ ಮುಂದಾಳತ್ವದ 17 ಬ್ಯಾಂಕುಗಳಿಗೆ ಬಾಕಿ ಉಳಿದದ್ದು ಬಡ್ಡಿ ಸೇರಿ ಸುಮಾರು 9 ಸಾವಿರ ಕೋಟಿ ರೂಪಾಯಿ. 2016ರ ಮಾರ್ಚ್ 2ರಂದು ಮಲ್ಯ ದೇಶ ಬಿಟ್ಟು ಲಂಡನ್ನಿಗೆ ಹೋದರು. ಅದೇ ತಿಂಗಳು ತಂಡದ ನಿರ್ದೇಶಕ ಸ್ಥಾನವನ್ನೂ ಬಿಟ್ಟರು. 2019ರ ಜನವರಿ 5ರಂದು ಮುಂಬೈನ ವಿಶೇಷ ನ್ಯಾಯಾಲಯ ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಅವರ ಆಸ್ತಿಗಳಿಂದ ಬ್ಯಾಂಕುಗಳಿಗೆ 14 ಸಾವಿರ ಕೋಟಿಗೂ ಮಿಕ್ಕಿ ಮರಳಿದೆಯೆಂದು 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವೆ ಲೋಕಸಭೆಗೆ ತಿಳಿಸಿದರು. ಕೊಡಬೇಕಾದ್ದಕ್ಕಿಂತ ಹೆಚ್ಚು ವಸೂಲಾಗಿದೆ ಎಂಬುದು ಮಲ್ಯ ಅವರ ವಾದ. ಅದು ನ್ಯಾಯಾಲಯಗಳಿಗೆ ಬಿಟ್ಟ ಮಾತು. ಆದರೆ ಬ್ಯಾಂಕಿನ ದುಡ್ಡೆಂದರೆ ಸಾರ್ವಜನಿಕರು ಇಟ್ಟ ಠೇವಣಿ. ಬೆಳೆಸಾಲಕ್ಕೆ ಹತ್ತು ಸಲ ಬ್ಯಾಂಕಿನ ಮೆಟ್ಟಿಲು ಹತ್ತಿ ಇಳಿಯುವ ಸಿಂದಗಿಯ ರೈತನಿಗೆ ಸಾವಿರ ಕೋಟಿಗಳ ಈ ಲೆಕ್ಕ ಅರಗುವುದು ಕಷ್ಟವೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಬಡವರಿಗಷ್ಟೇ ಅಲ್ಲ.

ಕಪ್ಪು ಬಂದ ಬಗೆ

ಮಾಲೀಕರು ಹೋದರೂ ತಂಡ ಉಳಿಯಿತು. ಅವರ ಕೈಯಿಂದ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಆಗಲೇ ಬ್ರಿಟನ್ನಿನ ಡಿಯಾಜಿಯೊ ಹಿಡಿತಕ್ಕೆ ಹೋಗಿತ್ತು. ತಂಡವೂ ಅದರ ಜೊತೆ ಹೋಯಿತು. 2016ರಲ್ಲಿ ಕೊಹ್ಲಿ ಒಂದೇ ಪಂದ್ಯಾವಳಿಯಲ್ಲಿ 973 ರನ್ ಹೊಡೆದರು. ಬೆಂಗಳೂರಿನಲ್ಲೇ ನಡೆದ ಫೈನಲ್‌ನಲ್ಲಿ ತಂಡ ಹೈದರಾಬಾದ್ ಎದುರು 8 ರನ್ನಿನಿಂದ ಸೋತಿತು.

ಮೊದಲ ಕಪ್ಪು ತಂದವರು ಹೆಣ್ಣುಮಕ್ಕಳು. 2023ರ ಮೊದಲ ಮಹಿಳಾ ಪಂದ್ಯಾವಳಿಯಲ್ಲಿ ಸ್ಮೃತಿ ಮಂದಾನ ಅವರ ತಂಡ ಸಾಲಾಗಿ ಐದು ಪಂದ್ಯ ಸೋತಿತ್ತು. ಒಂದೇ ವರ್ಷದಲ್ಲಿ, 2024ರ ಮಾರ್ಚ್ 17ರಂದು ದೆಹಲಿ ತಂಡವನ್ನು ಅದರ ಊರಿನಲ್ಲೇ ಸೋಲಿಸಿತು. ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತವರು ಶ್ರೇಯಾಂಕಾ ಪಾಟೀಲ. ಆಗ ಅವರಿಗೆ 21 ವರ್ಷ. ಹುಟ್ಟಿದ್ದು ಸಿಂದಗಿಯಿಂದ ಜೇವರ್ಗಿ ದಾಟಿದರೆ ಸಿಗುವ ಕಲಬುರಗಿಯಲ್ಲಿ.

ಗಂಡಸರ ತಂಡಕ್ಕೆ ಕಪ್ಪು ಸಿಕ್ಕಿದ್ದು 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ, ಹದಿನೆಂಟನೆಯ ಪ್ರಯತ್ನದಲ್ಲಿ. ಪಂಜಾಬ್ ಎದುರಿನ ಗೆಲುವಿನ ಅಂತರ 6 ರನ್. 2009ರಲ್ಲಿ ಸೋತದ್ದೂ ಅಷ್ಟೇ ರನ್ನಿಗೆ. ನಾಯಕ ರಜತ್ ಪಾಟೀದಾರ್. ದೊಡ್ಡ ಜಾಹೀರಾತುಗಳ ಮುಖವಲ್ಲ. ಆ ಪಂದ್ಯದ ಶ್ರೇಷ್ಠ ಆಟಗಾರ 17 ರನ್ನಿಗೆ 2 ವಿಕೆಟ್ ಪಡೆದ ಕೃಣಾಲ್ ಪಾಂಡ್ಯ. ಲೀಗ್ ಹಂತದಲ್ಲಿ ಪರಊರಿನ ಏಳು ಪಂದ್ಯಗಳನ್ನೂ ಆ ತಂಡ ಗೆದ್ದಿತ್ತು. ಈ ಸಲ ಬೌಲರುಗಳನ್ನು ನೋಡಿ ಆರಿಸಿದ್ದರು, ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿದ್ದರು. ತಂಡದ ಪಟ್ಟಿಯಲ್ಲಿ ರಾಯಚೂರಿನ ಮನೋಜ್ ಭಾಂಡಗೆ ಕೂಡ ಇದ್ದರು. ಇನ್ನು ಆ 12 ಲಕ್ಷದ ಹುಡುಗ? 2008ರಿಂದ ಬೇರೆ ತಂಡಕ್ಕೆ ಹೋಗದೆ, 36ನೆಯ ವಯಸ್ಸಿನಲ್ಲಿ ಮೈದಾನದ ಹುಲ್ಲಿನ ಮೇಲೆ ಮೊಣಕಾಲೂರಿ ಅತ್ತರು.

ಮರುದಿನ ನಡೆದದ್ದನ್ನು ಮರೆಯುವಂತಿಲ್ಲ. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು. ಹೆಚ್ಚಿನವರು ಹರೆಯದವರು, ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಮೆರವಣಿಗೆಗೆ ತೋರಿದ ಆತುರವನ್ನು ಜನರ ಸುರಕ್ಷತೆಗೆ ತೋರಲಿಲ್ಲ. ಕಪ್ಪಿಗಾಗಿ ಹದಿನೆಂಟು ವರ್ಷ ಕಾದವರಿಗೆ ಇನ್ನೊಂದು ವಾರ ಕಾಯುವುದು ಕಷ್ಟವಾಗುತ್ತಿತ್ತೇ? ಮಾಲೀಕರು ಬದಲಾದರೂ ಮೆರೆಯುವ ಚಟ ಬದಲಾಗಲಿಲ್ಲವೆಂದೇ ಹೇಳಬೇಕು. ಅದರ ಬೆಲೆ ತೆತ್ತವರು ತಂಡವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರು.

ವಿಜಯಪುರದ ಹೆಸರಿನ ತಂಡ

ವಿಜಯಪುರ ಜಿಲ್ಲೆಯ ಹೆಸರಿನಲ್ಲೂ ಒಂದು ಚಾಂಪಿಯನ್ ತಂಡವಿತ್ತು ಎಂಬುದು ಈಗಿನ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ 'ಬಿಜಾಪುರ ಬುಲ್ಸ್' 2015ರಲ್ಲಿ ಮತ್ತು 2018ರಲ್ಲಿ ಎರಡು ಸಲ ಕಪ್ಪು ಗೆದ್ದಿತು. ಗೆದ್ದ ವರ್ಷಗಳಲ್ಲಿ ಪಂದ್ಯಗಳು ನಡೆದದ್ದು ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಂಥ ಊರುಗಳಲ್ಲಿ. ಊರಿನ ಹೆಸರು ತಂಡಕ್ಕೆ ಹೋಯಿತು, ತಂಡ ಊರಿಗೆ ಬರಲಿಲ್ಲ. 2019ರಲ್ಲಿ ಆ ಲೀಗ್‌ಗೆ ಮ್ಯಾಚ್ ಫಿಕ್ಸಿಂಗ್ ಆರೋಪ ಸುತ್ತಿಕೊಂಡಿತು. ಬೇರೊಂದು ತಂಡದ ಮಾಲೀಕ ಹಾಗೂ ಕೆಲವು ಆಟಗಾರರ ಬಂಧನವಾಯಿತು. ಇದು ವಂಚನೆಯ ಕಲಮಿನಡಿ ಬರುವುದಿಲ್ಲವೆಂದು 2022ರಲ್ಲಿ ಹೈಕೋರ್ಟ್ ಪ್ರಕರಣವನ್ನು ರದ್ದುಮಾಡಿತು. ಅಷ್ಟರಲ್ಲಿ ಲೀಗ್ ನಿಂತುಹೋಗಿತ್ತು. ಅದೇ ವರ್ಷ ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ಆರು ತಂಡಗಳ ಹೊಸ ಪಂದ್ಯಾವಳಿ ಶುರುವಾಯಿತು. ಮೊದಲ ಕಪ್ಪು ಗುಲ್ಬರ್ಗದ ಹೆಸರಿನ ತಂಡಕ್ಕೆ ಹೋಯಿತು. ಆ ಆರು ಹೆಸರುಗಳಲ್ಲಿ ವಿಜಯಪುರ ಇರಲಿಲ್ಲ.

ಹರಾಜಿನಿಂದ ಬಂದ ಹೆಸರು ಹೀಗೆ ಹೊರಟುಹೋಗುತ್ತದೆ. ಹೊರಟುಹೋಗದ ಹೆಸರೂ ಜಿಲ್ಲೆಯಲ್ಲಿದೆ. ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ವಿಶ್ವಕಪ್ ಪಂದ್ಯದಲ್ಲಿ ನ್ಯೂಜಿಲೆಂಡಿನ 5 ವಿಕೆಟ್‌ಗಳನ್ನು 15 ರನ್ನಿಗೆ ಪಡೆದರು. ಎದುರಾಳಿ 79ಕ್ಕೆ ಆಲೌಟ್, ಭಾರತ ಸೆಮಿಫೈನಲ್‌ಗೆ. ಆ ಐದು ವಿಕೆಟ್‌ಗಳನ್ನು ಯಾವ ಮಾಲೀಕನೂ ಕೊಂಡುಕೊಂಡದ್ದಲ್ಲ. ಯಾರೂ ಮರಳಿ ಮಾರುವಂತೆಯೂ ಇಲ್ಲ.

ಇನ್ನು ತಂದೆ-ತಾಯಂದಿರ ಮಾತು. 'ಯಪ್ಪಾ, ನಾ ಕ್ರಿಕೆಟ್ ಆಡಾಂವ' ಎಂದು ಮಗ ಅಂದರೆ, 'ಸಾಲಿ ಬಿಟ್ಟು ಏನ್ ಆಡ್ತಿಯೋ ತಮ್ಮಾ' ಎಂದು ಗದರುವುದು ಸುಲಭ. ಕೋಟಿಗಳ ಹರಾಜು ನೋಡಿ, ಹೊಲ ಅಡವಿಟ್ಟು ದೂರದ ಅಕಾಡೆಮಿಗೆ ಕಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ಎರಡರ ನಡುವೆ ಒಂದು ದಾರಿ ಇದೆ. ಮಗ ಅಥವಾ ಮಗಳು ಯಾರನ್ನು ಕಂಡು ಆಟಕ್ಕೆ ಮನಸೋತಿದ್ದಾರೆಂದು ಮೊದಲು ಕೇಳಬೇಕು. ಮಾಲೀಕನ ಥಳಕನ್ನೋ, ಬೆಳಗಿನ ಐದು ಗಂಟೆಗೆ ಎದ್ದು ನೂರು ಎಸೆತ ಎಸೆಯುವವರನ್ನೋ? ಎರಡನೆಯದಾದರೆ, ಊರಿನಲ್ಲೇ ಒಂದು ಒಳ್ಳೆಯ ಮೈದಾನ, ಒಬ್ಬ ದೈಹಿಕ ಶಿಕ್ಷಕರು, ಹೆಣ್ಣುಮಕ್ಕಳಿಗೂ ಆಡಲು ಒಂದು ಹೊತ್ತು ಸಿಗುವಂತೆ ಶಾಲೆಯವರನ್ನು, ಪುರಸಭೆಯವರನ್ನು ಕೇಳಬೇಕು. ಅದಕ್ಕೆ ಕೋಟಿಗಳು ಬೇಡ. ಆಟದ ಜೊತೆ ಓದೂ ನಡೆಯಲಿ. ಮಹಾವಿದ್ವಾಂಸನಾಗದಿದ್ದರೂ ತನ್ನ ಒಪ್ಪಂದದ ಕಾಗದವನ್ನು ತಾನೇ ಓದಿ ಸಹಿ ಹಾಕುವಷ್ಟು ಓದು ಆಟಗಾರನಿಗೂ ಬೇಕು.